ಬಂಗೇರ ದಂಪತಿಗೆ ಮುಂದಿನ ಸೀಟು

"ಮಿಸ್ಟರ್ ಅಂಡ್ ಮಿಸೆಸ್ ಬಂಗೇರ?"

ಕೌಂಟರಿನ ಹುಡುಗಿ ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಹಿಡಿದು ಕೇಳಿದಳು. ಅಲ್ಲ ಅನ್ನಲು ನಾನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಪಕ್ಕದಲ್ಲಿದ್ದ ಸುಜನ್ "ಹಾಂ ಜೀ" ಅಂದುಬಿಟ್ಟ.

ಎಕಾನಮಿಯಲ್ಲಿ ಸೀಟಿಗಿಂತ ಜನ ಜಾಸ್ತಿ ಆಗಿದ್ದಾರಂತೆ. ಇಬ್ಬರನ್ನು ಬಿಸಿನೆಸ್ ಕ್ಲಾಸಿಗೆ ಹಾಕಬೇಕಂತೆ. ಒಂದೇ ಸರ್‌ನೇಮ್ ನೋಡಿ, ಗಂಡ ಹೆಂಡತಿ ಒಟ್ಟಿಗೇ ಹೋಗಲಿ ಅಂತ ಆ ಪುಣ್ಯಾತ್ಗಿತ್ತಿ ನಮ್ಮನ್ನು ಆರಿಸಿದ್ದಳು. ಮಸ್ಕತ್‌ವರೆಗೆ ರಾಜಯೋಗ.

"ಸುಳ್ಳು ಯಾಕೆ ಹೇಳಿದ್ದು ನೀನು?" ಸೆಕ್ಯುರಿಟಿ ಲೈನಿನಲ್ಲಿ ನಾನು ಹಲ್ಲು ಕಚ್ಚಿ ಕೇಳಿದೆ.

"ನಾನೆಲ್ಲಿ ಸುಳ್ಳು ಹೇಳಿದೆ? ಮಿಸ್ಟರ್ ಬಂಗೇರ ಅಂದ್ಳು, ಹಾಂ ಅಂದೆ. ಮಿಸೆಸ್ ವಿಷಯ ನೀನು ಕ್ಲಿಯರ್ ಮಾಡ್ಬೇಕಿತ್ತು ಯಾರ್."

ಹೇಳುತ್ತಾ ಓರೆಗಣ್ಣಿನಲ್ಲಿ ನನ್ನನ್ನು ನೋಡಿದ. ಸುಜನ್‌ನ ನಗು ಮೊದಲು ಕಣ್ಣಿಗೆ ಬರುತ್ತದೆ, ಆಮೇಲೆ ಬಲಗೆನ್ನೆಗೆ, ಕಡೆಗೆ ತುಟಿಗೆ. ತುಟಿಗೆ ಬರುವ ಮೊದಲೇ ಬೇರೆ ಕಡೆ ನೋಡುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ. ಇಲ್ಲದಿದ್ದರೆ ನನ್ನ ಕಥೆ ಮುಗೀತಿತ್ತು.

ಇದು ಎರಡು ಸಾವಿರದ ಹನ್ನೊಂದರ ಮಾತು. ನವಿ ಮುಂಬೈಯ ಮಹಾಪೆಯಲ್ಲಿ, ಹೋಟೆಲುಗಳಿಗೆ ಅಡುಗೆಮನೆ ಕಟ್ಟಿಕೊಡುವ ಒಂದು ಕಂಪನಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಒಲೆ ಎಲ್ಲಿ, ದೋಸೆ ಕಾವಲಿ ಎಲ್ಲಿ, ಪಾತ್ರೆ ತೊಳೆಯುವ ಜಾಗ ಎಲ್ಲಿ ಅಂತ ಡ್ರಾಯಿಂಗ್ ಮಾಡುವವಳು ನಾನು. ಅದನ್ನು ಸೈಟಿನಲ್ಲಿ ನಿಲ್ಲಿಸುವವನು ಅವನು. ಮಸ್ಕತ್‌ನಲ್ಲಿ ಹೊಸ ಕೆಲಸ ಸಿಕ್ಕಿತ್ತು, ಜಾಗ ಅಳೆದುಕೊಂಡು ಬರಲು ಇಬ್ಬರನ್ನೂ ಕಳಿಸಿದ್ದರು. ನನಗೆ ವಿಮಾನವೇ ಮೊದಲು.

ನಾನು ಹೆದರುಪುಕ್ಕಲಿ, ಮುಚ್ಚಿಡುವುದೇನೂ ಇಲ್ಲ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದೂ ಫಾಸ್ಟ್ ಲೋಕಲ್ ಹತ್ತಲು ಹೆದರುತ್ತಿದ್ದೆ. ಹಲ್ಲಿಗೆ ಹೆದರುತ್ತಿದ್ದೆ, ಲಿಫ್ಟಿಗೆ ಹೆದರುತ್ತಿದ್ದೆ, ಅಮ್ಮನ ಮಿಸ್ಡ್ ಕಾಲಿಗೂ ಹೆದರುತ್ತಿದ್ದೆ. ಆದರೆ ಆ ದಿನದ ಹೆದರಿಕೆ ವಿಮಾನದ್ದು ಮಾತ್ರ ಅಲ್ಲ. ಬದಲಾಪುರದ ಲೀಲಾಧರ ಎನ್ನುವವನ ಮನೆಯವರು ಬರುವ ಭಾನುವಾರ ನನ್ನನ್ನು ನೋಡಲು ಬರುವವರಿದ್ದರು. ಒಳ್ಳೆ ಹುಡುಗ, ಬ್ಯಾಂಕಿನ ಕೆಲಸ. "ಈ ಸಲ ನೀನು ಎಂತ ನೆವ ಹೇಳಿದ್ರೂ ನಾನು ಕೇಳುವವಳಲ್ಲ ಪ್ರಣೀ," ಅಂದಿದ್ದಳು ಅಮ್ಮ. ನನ್ನ ಹತ್ತಿರ ನೆವ ಉಳಿದಿರಲೂ ಇಲ್ಲ. ಇದ್ದ ನಿಜವಾದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ.

ಕಾರಣ ಸುಜನ್. ನನಗೆ ಅವನ ಮೇಲೆ ಪ್ರೀತಿ. ಹೇಳಲಾಗದ ಪ್ರೀತಿ, ಯಾಕೆಂದರೆ ಲೆಕ್ಕದಲ್ಲಿ ಅವನು ನನ್ನ ಅಣ್ಣ.

ನಮ್ಮ ತುಳುನಾಡಿನವರಲ್ಲಿ ಬರಿ ಅಂತ ಉಂಟು. ಬೇರೆಯವರಿಗೆ ಗೋತ್ರ ಇದ್ದ ಹಾಗೆ. ಒಂದೇ ಬರಿಯವರು ಎಷ್ಟೇ ದೂರದ ಊರಿನವರಾದರೂ ಒಡಹುಟ್ಟಿದವರ ಲೆಕ್ಕ, ಮದುವೆಯ ಮಾತೇ ಇಲ್ಲ. ಅಜ್ಜಿಯದ್ದು ಬಂಗೇರ ಬರಿ, ಹಾಗಾಗಿ ಅಮ್ಮನದ್ದು, ಹಾಗಾಗಿ ನನ್ನದು. ನಮ್ಮ ಮನೆಯಲ್ಲಿ ಅದನ್ನೇ ಸರ್‌ನೇಮ್ ಮಾಡಿಕೊಂಡಿದ್ದೇವೆ. ಸುಜನ್ ಕೆಲಸಕ್ಕೆ ಸೇರಿದ ವಾರವೇ, ಸಂಜೆ ಠಾಣೆಗೆ ಹೋಗುವ ಟ್ರೈನಿನಲ್ಲಿ, ಎಷ್ಟೋ ಧೈರ್ಯ ಮಾಡಿ ಕೇಳಿದ್ದೆ, "ನಿನ್ನ ಬರಿಯೂ ಬಂಗೇರವೇನಾ?"

"ಹಾಂ, ಬಂಗೇರ. ಸೇಮ್ ಪಿಂಚ್," ಅಂತ ನನ್ನ ತೋಳು ಚಿವುಟಿದ್ದ.

ಅವನು ಖುಷಿಯಿಂದ ಚಿವುಟಿದ್ದ, ನನಗೆ ಅಲ್ಲೇ ಅಳು ಬಂದಿತ್ತು. ಒಂದೇ ಬರಿ ಅಂತ ಗೊತ್ತಾದ ಮೇಲೂ ಹೀಗೆ ನಗುತ್ತಾನೆ ಅಂದರೆ ಇವನ ಮನಸ್ಸಿನಲ್ಲಿ ಏನೂ ಇಲ್ಲ ಅಂದುಕೊಂಡೆ. ಮತ್ತೆ ಕೆದಕಿ ಕೇಳಿದರೆ ನನ್ನ ಒಳಗಿನದ್ದು ಹೊರಗೆ ಬೀಳುತ್ತಿತ್ತು. ಆಫೀಸಿನಲ್ಲಂತೂ ಎಲ್ಲರೂ ನಮ್ಮನ್ನು ಬಂಗೇರ ಭಾವು-ಬಹೀಣ್, ಅಣ್ಣ ತಂಗಿ ಅಂತಲೇ ಕರೆಯುತ್ತಿದ್ದರು. ರಾಖಿಯ ದಿನ ಯಾರಾದರೂ ನನ್ನ ಕೈಗೆ ದಾರ ಕೊಟ್ಟು ಅವನಿಗೆ ಕಟ್ಟು ಅಂದುಬಿಟ್ಟರೆ ಅಂತ ಹೆದರಿ ಎರಡು ವರ್ಷವೂ ಹೊಟ್ಟೆನೋವು ಅಂತ ರಜೆ ಹಾಕಿದ್ದೆ.

ಈಗ ನೋಡಿದರೆ ಅವನ ಮಿಸೆಸ್ ಆಗಿ ವಿಮಾನ ಹತ್ತುತ್ತಿದ್ದೇನೆ.

ನಮ್ಮ ಸೀಟು ಮನೆಯ ಸೋಫಾಕ್ಕಿಂತ ಅಗಲ ಇತ್ತು. ಕೈ ಇಡುವಲ್ಲಿ ಏನೋ ಬಟನ್ ಒತ್ತಿಹೋಯಿತು, ಸೀಟು ನನ್ನನ್ನು ಹೊತ್ತುಕೊಂಡು ಹಿಂದಕ್ಕೆ ಮಲಗಿತು. ನಾನು ಸುಜನ್‌ನ ತೋಳು ಹಿಡಿದುಕೊಂಡೆ.

"ಬಿದ್ದಿಲ್ಲ ಮಾರಾಯ್ತಿ. ಮಲಗ್ಲಿಕ್ಕೆ ಅಂತ್ಲೇ ಮಾಡಿದ್ದು ಅದು."

"ನೀನು ಇದರಲ್ಲಿ ಮೊದಲು ಬಂದದ್ದುಂಟಾ?"

"ಇಲ್ಲ. ಆದ್ರೆ ತೋರಿಸ್ಕೊಳ್ಬಾರ್ದು. ನೀನು ಮಿಸೆಸ್ ಬಂಗೇರ. ಸ್ವಲ್ಪ ಬೋರ್ ಆದವರ ಹಾಗೆ ಕೂತ್ಕೋ."

ಏರ್ ಹೋಸ್ಟೆಸ್ ಬಿಸಿ ಟವೆಲ್ ತಂದುಕೊಟ್ಟಳು. ಮುಖ ಒರೆಸಿದರೆ ಕಾಡಿಗೆ ಹೋಗುತ್ತದೆ, ಒರೆಸದಿದ್ದರೆ ಗೊತ್ತಿಲ್ಲದವಳು ಅನ್ನುತ್ತಾರೆ. ಸುಜನ್ ನನ್ನ ಅವಸ್ಥೆ ನೋಡಿ ತನ್ನ ಟವೆಲಿನಿಂದ ನಿಧಾನವಾಗಿ ಕೈಬೆರಳು ಮಾತ್ರ ಒರೆಸಿಕೊಂಡ, ನನಗೆ ಕಲಿಸುವವನ ಹಾಗೆ. ಹಾಗೆ ಒರೆಸುತ್ತಲೇ ನನ್ನನ್ನು ನೋಡುತ್ತಿದ್ದ. ನಾನು ಬೆರಳುಗಳನ್ನೇ ನೋಡಿದೆ.

"ನಿಮ್ಮ ಹಸ್ಬೆಂಡ್‌ಗೆ ಜ್ಯೂಸಾ, ನೀರಾ ಮಿಸೆಸ್ ಬಂಗೇರ?" ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ಆ ಮಾತು ಕಿವಿಗೆ ಎಷ್ಟು ಹಿತ ಆಯಿತು ಅಂದರೆ ನನಗೆ ಇನ್ನೂ ಹೆದರಿಕೆ ಆಯಿತು.

ವಿಮಾನ ಓಡಲು ಶುರುವಾದಾಗ ನನ್ನ ಅಂಗೈ ಒದ್ದೆ. "ಕಣ್ಣು ಮುಚ್ಕೋ," ಅಂದ ಸುಜನ್ ಕಿವಿಯ ಹತ್ತಿರ. "ನಾವು ಆಫೀಸಿಗೆ ಹೋಗ್ತಾ ಇದ್ದೇವೆ, ಓಕೆ? ಠಾಣೆ ಬಿಟ್ತು. ಐರೋಳಿ. ರಬಾಳೆ. ಘಣಸೋಲಿ ಬರುವಾಗ ನಾವು ಮೇಲೆ ಇರ್ತೇವೆ."

ಘಣಸೋಲಿ ಬರುವ ಮೊದಲೇ ನೆಲ ಬಿಟ್ಟಿತು. ನನ್ನ ಬಾಯಿಂದ "ಅಯ್ಯೋ ದೇವೆರೇ" ಅಂತ ತುಳು ಹೊರಗೆ ಬಿತ್ತು, ಸಣ್ಣ ಸ್ವರದಲ್ಲಿ ಅಲ್ಲ.

ನಡುವಿನ ದಾರಿಯ ಆ ಕಡೆ ಕೂತಿದ್ದ ಹಿರಿಯರೊಬ್ಬರು ತಿರುಗಿದರು. ಬಿಳಿ ಶರ್ಟು, ಕೈಯಲ್ಲಿ ಚಿನ್ನದ ಕಡಗ. "ಓ, ನಮ್ಮವರಾ?" ಅಂತ ತುಳುವಿನಲ್ಲೇ ಕೇಳಿದರು. ಹೆಸರು ಸರ್ವೋತ್ತಮ ಅಂತೆ, ಕಲ್ಯಾಣಿನಲ್ಲಿಯೂ ಮಸ್ಕತ್‌ನಲ್ಲಿಯೂ ಹೋಟೆಲ್ ಉಂಟಂತೆ. ಬಾಯ್ತುಂಬ ನಗು. "ಹೊಸ ಜೋಡಿಯಾ?"

ಅಲ್ಲ ಅನ್ನಬೇಕಿತ್ತು. ಆದರೆ ಏರ್ ಹೋಸ್ಟೆಸ್ ಅಲ್ಲೇ ನಿಂತಿದ್ದಳು. ಸುಳ್ಳು ಹೇಳಿ ಸೀಟು ಹಿಡಿದವರು ಅಂತ ಎಲ್ಲರೆದುರು ಎಬ್ಬಿಸಿ ಹಿಂದೆ ಕಳಿಸುತ್ತಾಳೆ ಅಂತ ನನಗೆ ಅನ್ನಿಸಿತು. ಸುಮ್ಮನೆ ತಲೆಯಾಡಿಸಿದೆ, ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

"ಬಂಗೇರ ಅಂದಳಲ್ಲ ಆ ಹುಡುಗಿ. ಇವನದ್ದು ಬಂಗೇರ ಬರಿ. ನಿನ್ನದು ಯಾವುದು ಮಗಾ?"

ಸಾಲಿಯಾನ್ ಅನ್ನಬಹುದಿತ್ತು, ಸುವರ್ಣ ಅನ್ನಬಹುದಿತ್ತು. ಬರಿಯ ವಿಷಯದಲ್ಲಿ ಸುಳ್ಳು ಹೇಳಿದರೆ ದೈವ ಬಿಡುವುದಿಲ್ಲ ಅಂತ ಅಜ್ಜಿ ಚಿಕ್ಕಂದಿನಿಂದ ಹೆದರಿಸಿದ್ದಳು. ಅದೂ ಆಕಾಶದಲ್ಲಿ ನೇತಾಡುವಾಗ ಹೇಳುವುದಾ?

"ನನ್ನದೂ ಬಂಗೇರ," ಅಂದೆ.

ಅವರ ನಗು ನಿಂತಿತು. ಸುಜನ್‌ನನ್ನು ನೋಡಿದರು, ನನ್ನನ್ನು ನೋಡಿದರು. "ಒಂದೇ ಬರಿಯಲ್ಲಾ? ಮನೆಯವರು ಒಪ್ಪಿದ್ರಾ ಇದಕ್ಕೆ?" ನಾನು ಬೆಲ್ಟಿನ ಕೊಂಡಿ ಹಿಡಿದುಕೊಂಡೆ. "ಎಲ್ಲಿ ನಿಮ್ಮ ಮನೆ?"

"ಡೊಂಬಿವಲಿ."

"ಯಾರ ಮಗಳು?"

ಅಮ್ಮನ ಹೆಸರು ಹೇಳುವ ಹಾಗಿರಲಿಲ್ಲ. ಡೊಂಬಿವಲಿಯ ಭಜನಾ ಮಂಡಳಿಯಲ್ಲಿ ಜಯಲತಾ ಅಂದರೆ ಗೊತ್ತಿಲ್ಲದವರಿಲ್ಲ. ಅವರು ಉತ್ತರಕ್ಕೆ ಕಾಯಲಿಲ್ಲ. ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು.

"ಅಂಕಲ್‌ಗೆ ಏನಾಯ್ತು?" ಸುಜನ್ ಪಿಸುಗುಟ್ಟಿದ. ಅವನಿಗೆ ತುಳು ಅರ್ಧಂಬರ್ಧ. "ನಾವು ಏನು ಮಾಡಿದ್ದು?"

"ನಿನಗೆ ಗೊತ್ತಿಲ್ವಾ?"

"ಏನು?"

"ಒಂದೇ ಬರಿಯವರು ಮದುವೆ ಆಗುವ ಹಾಗಿಲ್ಲ. ನಾವು ಅಣ್ಣ ತಂಗಿ."

ಅವನು ನಗಲು ಹೊರಟ. ಕಣ್ಣಿಗೆ ಬಂದ ನಗು ಕೆನ್ನೆಯವರೆಗೆ ಇಳಿದು ಅಲ್ಲೇ ನಿಂತಿತು. "ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಎಲ್ಲರಿಗೂ ಗೊತ್ತಿರ್ತದೆ."

"ನನಗೆ ಗೊತ್ತಿಲ್ಲ ಪ್ರಣೀ. ನಮ್ಮ ಮನೆಯಲ್ಲಿ ಹೇಳ್ಲಿಕ್ಕೆ ಯಾರಿದ್ದಾರೆ?"

ಅದು ನಿಜ. ಅವನು ಚಿಕ್ಕವನಿರುವಾಗಲೇ ಅವನ ಅಮ್ಮ ತೀರಿಹೋಗಿದ್ದರು. ಠಾಣೆಯ ಫ್ಲ್ಯಾಟಿನಲ್ಲಿ ಅಪ್ಪ ಮಗ ಇಬ್ಬರೇ. ಅಪ್ಪ ಫ್ಯಾಕ್ಟರಿಯ ಶಿಫ್ಟಿನಲ್ಲಿ, ಮಗ ಪಕ್ಕದ ಮನೆಯವರ ಮರಾಠಿಯಲ್ಲಿ ಬೆಳೆದದ್ದು. ನಾನು ಇದನ್ನೆಲ್ಲ ತಿಳಿದೂ, ಬರಿಯ ಅರ್ಥವೇ ಇವನಿಗೆ ಗೊತ್ತಿಲ್ಲದಿರಬಹುದು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

"ನೀನು ಕೇಳಿದಾಗ ಬರಿ ಅಂದ್ರೆ ಸರ್‌ನೇಮ್ ಅಂದುಕೊಂಡೆ," ಅಂದ. ಸ್ವರ ಇಳಿದಿತ್ತು. "ಸೇಮ್ ಸರ್‌ನೇಮ್, ಮದುವೆ ಆದ್ಮೇಲೆ ಇವಳು ಪಾಸ್‌ಪೋರ್ಟ್ ಕೂಡ ಚೇಂಜ್ ಮಾಡ್ಬೇಕಾಗಿಲ್ಲ ಅಂತ ಎರಡು ವರ್ಷದಿಂದ ಖುಷಿಯಲ್ಲಿದ್ದೆ ನಾನು."

ನಾನು ಕೇಳಿದ್ದು ಸರಿಯಾ ಅಂತ ಅವನ ಮುಖ ನೋಡಿದೆ. ಈ ಸಲ ಬೇರೆ ಕಡೆ ತಿರುಗಲು ನೆನಪಾಗಲಿಲ್ಲ.

"ಮಸ್ಕತ್‌ನಲ್ಲಿ ಹೇಳ್ಬೇಕು ಅಂತಿದ್ದೆ," ಅಂದ. "ರಾಖಿ ದಿನ ಬೆಳಿಗ್ಗೆಯೇ ಸೈಟಿಗೆ ಓಡಿಹೋಗ್ತಿದ್ದೆ, ನೀನು ಕಟ್ಟಿಬಿಟ್ರೆ ಅಂತ."

"ನಾನು ರಜೆ ಹಾಕ್ತಿದ್ದೆ."

"ಹೊಟ್ಟೆನೋವು ಅಂದಿದ್ದಿಯಲ್ಲ?"

"ಹೊಟ್ಟೆನೋವು ಇರ್ಲಿಲ್ಲ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಷ್ಟರಲ್ಲಿ ವಿಮಾನ ಒಮ್ಮೆ ಕೆಳಕ್ಕೆ ಕುಸಿದು ಅಲ್ಲಾಡಿತು, ಬೆಲ್ಟಿನ ದೀಪ ಹತ್ತಿಕೊಂಡಿತು. ನಾನು ಅವನ ಕೈ ಹಿಡಿದೆ. ಅವನು ಬೆರಳುಗಳ ನಡುವೆ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಇಬ್ಬರಿಗೂ ಒಂದೇ ಸಲ ನೆನಪಾಗಿ ಕೈ ಬಿಟ್ಟೆವು.

ಇಲ್ಲಿಯವರೆಗೆ ಸಂಕಟ ನನ್ನೊಬ್ಬಳದ್ದು. ನಾನು ಲೀಲಾಧರನಿಗೆ ಹೂಂ ಅಂದು ಒಳಗೇ ನುಂಗಿಕೊಂಡರೆ ಯಾರಿಗೂ ನಷ್ಟ ಇರಲಿಲ್ಲ. ಈಗ ಅವನಿಗೂ ಪ್ರೀತಿ ಉಂಟು ಅಂತ ಗೊತ್ತಾದ ಮೇಲೆ ಹೇಗೆ ಬದುಕುವುದು ಅಂತಲೇ ಹೆದರಿಕೆಯಾಯಿತು.

ಊಟ ಬಂತು. ಬಿಳಿ ಬಟ್ಟೆ ಹಾಸಿ, ಗಾಜಿನ ತಟ್ಟೆಯಲ್ಲಿ ಪನೀರು, ಬೆರಳಿನಷ್ಟು ಚಿಕ್ಕ ಉಪ್ಪಿನ ಡಬ್ಬಿ. ಅಂಥ ಊಟ ಮತ್ತೆ ಯಾವಾಗ ಸಿಕ್ಕುವುದೋ, ಆದರೂ ಒಂದು ತುತ್ತೂ ಇಳಿಯಲಿಲ್ಲ. ಸುಜನ್ ಚಮಚದಿಂದ ಅನ್ನವನ್ನು ಈ ಕಡೆಯಿಂದ ಆ ಕಡೆಗೆ ತಳ್ಳುತ್ತಾ ಕೂತಿದ್ದ.

"ಅಪ್ಪನ ಮೇಲೆ ಸಿಟ್ಟು ಬರ್ತಾ ಉಂಟು," ಅಂದ. "ಇಡೀ ದುನಿಯಾದಲ್ಲಿ ಅವರಿಗೆ ಇದೇ ಬರಿ ಸಿಕ್ಕಿದ್ದಾ?"

"ಅಪ್ಪನಿಗಾ?" ನಾನು ಚಮಚ ಕೆಳಗಿಟ್ಟೆ. "ಬಂಗೇರ ಅಪ್ಪನದ್ದಾ?"

"ಮತ್ತೆ ಯಾರದ್ದು? ಸ್ಕೂಲಲ್ಲಿ ಅಪ್ಪನ ಸರ್‌ನೇಮೇ ಹಾಕಿದ್ದು."

"ಸುಜನ್, ಬರಿ ಅಪ್ಪನಿಂದ ಬರುವುದಲ್ಲ. ಅಮ್ಮನಿಂದ ಬರುವುದು. ನಿನ್ನ ಅಮ್ಮನ ಬರಿ ಯಾವುದು?"

ಅವನು ನನ್ನನ್ನೇ ನೋಡಿದ. "ಗೊತ್ತಿಲ್ಲ."

"ಅಪ್ಪನದ್ದು ಬಂಗೇರ ಆದ್ರೆ ಅಮ್ಮನದ್ದು ಬಂಗೇರ ಇರ್ಲಿಕ್ಕಿಲ್ಲ. ಇದ್ದಿದ್ರೆ ಅವರಿಬ್ಬರಿಗೆ ಮದುವೆಯೇ ಮಾಡಿಕೊಡ್ತಿರ್ಲಿಲ್ಲ." ಹೇಳುತ್ತಾ ಹೇಳುತ್ತಾ ನನ್ನ ಸ್ವರ ಏರಿತು. ಖುಷಿಯೋ ಹೆದರಿಕೆಯೋ ನನಗೇ ತಿಳಿಯಲಿಲ್ಲ.

ಸುಜನ್‌ನ ಮುಖ ಮಾತ್ರ ಅರಳಲಿಲ್ಲ. "ಯಾರೂ ಮದುವೆ ಮಾಡಿಕೊಡ್ಲಿಲ್ಲ ಪ್ರಣೀ. ಅವರದ್ದು ಲವ್ ಮ್ಯಾರೇಜ್. ಅಮ್ಮನ ಕಡೆಯಿಂದ ಒಬ್ರೂ ಬರ್ಲಿಲ್ಲ. ಕಿಟ್ಟಣ್ಣ ಅಂತ ಮಾಮ ಇದ್ದಾರೆ, ಅಮ್ಮನ ಅಣ್ಣ. ಇಲ್ಲೇ ಕಲ್ಯಾಣಿನ ಆಚೆ, ಟಿಟ್ವಾಳಾದಲ್ಲಿ ಇರುವುದು. ಇವತ್ತಿನವರೆಗೆ ಅಪ್ಪನ ಹತ್ರ ಮಾತಿಲ್ಲ."

"ಯಾಕೆ?"

"ಅಪ್ಪ ಯಾವತ್ತೂ ಹೇಳ್ಲಿಲ್ಲ."

ಒಂದೇ ಯೋಚನೆ ಇಬ್ಬರಿಗೂ ಬಂತು. ಒಂದೇ ಬರಿಯಲ್ಲಿ ಮದುವೆ ಆದರು ಅಂತಲೇ ಅವರನ್ನು ಬಿಟ್ಟುಹಾಕಿದ್ದಾದರೆ? ಆಗ ಸುಜನ್‌ನ ಅಮ್ಮನದ್ದೂ ಬಂಗೇರ, ಅವನದ್ದೂ ಬಂಗೇರ. ಅಲ್ಲಿಗೆ ಮುಗಿಯಿತು.

"ಮಾಮನ ನಂಬರ್ ಉಂಟಾ?" ಕೇಳಿದೆ.

"ಉಂಟು. ಒಮ್ಮೆ ಕಾಲೇಜಿಗೆ ಬಂದು ಕೊಟ್ಟು ಹೋಗಿದ್ರು. ನಾನು ಒಮ್ಮೆಯೂ ಮಾಡ್ಲಿಲ್ಲ."

"ಎಂತಕ್ಕೆ?"

"ಹೆದ್ರಿಕೆ," ಅಂದ. "ಅಪ್ಪನಿಗೆ ಗೊತ್ತಾದ್ರೆ ಬೇಜಾರಾಗ್ತದೆ ಅಂತ. ಆಮೇಲೆ, ಇಷ್ಟು ದಿನ ಮಾಡದವನು ಈಗ ಎಂತ ಮಾತಾಡುವುದು ಅಂತ."

ಹೆದರುವುದು ನನ್ನೊಬ್ಬಳ ಕೆಲಸ ಅಂದುಕೊಂಡಿದ್ದೆ. ಅವನ ಕಣ್ಣಿನಲ್ಲಿ ಅದೇ ಹೆದರಿಕೆ ನೋಡಿ ಅಪ್ಪಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಳ್ಳುವ ಹಾಗಿರಲಿಲ್ಲ.

"ಇಳಿದ ಕೂಡಲೇ ಮಾಡು," ಅಂದೆ. "ಬಂಗೇರ ಅಂತಾದ್ರೆ ನಾನು ಭಾನುವಾರ ಬದಲಾಪುರದವರಿಗೆ ಹೂಂ ಹೇಳ್ತೇನೆ. ಅಜ್ಜಿಯನ್ನು ಅಮ್ಮನನ್ನು ದಾಟಿ ಬರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ನೀನು ಆಮೇಲೆ ನನ್ನನ್ನು ಬೈಯ್ಬಾರ್ದು."

"ಬೈಯುವುದಿಲ್ಲ," ಅಂದ ಸುಜನ್. ಕಿಟಕಿಯ ಕಡೆ ತಿರುಗಿದ. ಕೆಳಗೆ ನೀರು ಮುಗಿದು ಬೋಳು ಗುಡ್ಡಗಳು ಶುರುವಾಗಿದ್ದವು.

ಮಸ್ಕತ್‌ನಲ್ಲಿ ಎಲ್ಲರಿಗಿಂತ ಮೊದಲು ನಮ್ಮನ್ನು ಇಳಿಸಿದರು. ಸರ್ವೋತ್ತಮ ಅವರು ನಮ್ಮ ಕಡೆ ನೋಡದೆ ದಾಟಿ ಹೋದರು. ಉದ್ದದ ಕಾರಿಡಾರಿನಲ್ಲಿ ಗೋಡೆಯ ಬದಿಗೆ ನಿಂತು ಸುಜನ್ ಆಫೀಸಿನ ರೋಮಿಂಗ್ ಫೋನ್ ತೆಗೆದ. ನಂಬರ್ ಒತ್ತುವಾಗ ಅವನ ಹೆಬ್ಬೆರಳು ಎರಡು ಸಲ ತಪ್ಪಿತು. ರಿಂಗ್ ಆಗಲು ಶುರುವಾದ ಮೇಲೆ ಫೋನನ್ನು ನಮ್ಮಿಬ್ಬರ ಕಿವಿಗಳ ನಡುವೆ ಹಿಡಿದ. ಅವನ ಕೆನ್ನೆ ನನ್ನ ಕೆನ್ನೆಗೆ ತಾಗುತ್ತಿತ್ತು.

"ಏರ್?" ಯಾರು ಅಂತ ತುಳುವಿನಲ್ಲಿ ಕೇಳಿತು ಆ ಕಡೆಯ ವಯಸ್ಸಾದ ಸ್ವರ.

"ಮಾಮ, ನಾನು ಸುಜನ್. ಠಾಣೆಯಿಂದ."

ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ, "ಅಪ್ಪನಿಗೆ ಏನಾದ್ರೂ ಆಯ್ತಾ?"

"ಇಲ್ಲ, ಇಲ್ಲ. ಅಪ್ಪ ಚೆನ್ನಾಗಿದ್ದಾರೆ. ಒಂದು ಕೇಳ್ಲಿಕ್ಕಿತ್ತು. ಅಮ್ಮನ ಬರಿ ಯಾವುದು?"

"ಇಷ್ಟು ವರ್ಷದ ಮೇಲೆ ಫೋನ್ ಮಾಡಿ ಬರಿ ಕೇಳ್ತಾ ಇದ್ದೀಯಾ?" ಸ್ವರ ಗಡುಸಾಯಿತು. ಮತ್ತೆ ಅವರೇ ಸ್ವಲ್ಪ ತಗ್ಗಿ, "ಹುಡುಗಿ ನೋಡಿದ್ದೀಯಾ?"

"ಹಾಂ."

"ಅವಳದ್ದು ಯಾವುದು?"

"ಬಂಗೇರ."

ನಾನು ಗೋಡೆಗೆ ಬೆನ್ನು ಕೊಟ್ಟೆ.

"ಅದು ನಿನ್ನ ಅಪ್ಪನ ಬರಿಯಲ್ವಾ?" ಅಂದರು ಅವರು.

"ಗೊತ್ತುಂಟು ಮಾಮ. ನನ್ನದು ಯಾವುದು?"

"ನಿನ್ನದು ಕುಂದರ್ ಮಾರಾಯ. ನನ್ನದು ಕುಂದರ್, ನಿನ್ನ ಅಮ್ಮನದ್ದು ಕುಂದರ್, ನಿನ್ನದು ಕುಂದರ್. ಅಷ್ಟೂ ಹೇಳಿಕೊಡ್ಲಿಲ್ವಾ ನಿನಗೆ ಯಾರೂ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಜನ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಸುಜನ್ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು, ಬಿಟ್ಟ ಕೈಯನ್ನು ಮತ್ತೆ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಫೋನ್ ಇಡಲಿಲ್ಲ.

"ಮತ್ತೆ ನೀವು ಯಾರೂ ಅಮ್ಮನ ಮದುವೆಗೆ ಯಾಕೆ ಬರ್ಲಿಲ್ಲ ಮಾಮ?"

"ಕರೆದ್ರೆ ಅಲ್ವಾ ಬರುವುದು?" ಅಂದರು ಅವರು. "ನಮ್ಮಲ್ಲಿ ತಂಗಿಯನ್ನು ಕೊಡುವುದು ಅಣ್ಣ. ನಾನು ಇಲ್ಲ ಅಂತೇನೆ ಅಂತ ಇಬ್ರೂ ಹೆದರಿದ್ರು. ನನಗೆ ಹೇಳದೆ ಮದುವೆ ಆದ್ರು. ಕೇಳಿದ್ದಿದ್ರೆ ನಾನು ಹೂಂ ಅಂತಿದ್ದೆ ಮಗಾ. ನನ್ನನ್ನು ಯಾರೂ ಕೇಳ್ಲೇ ಇಲ್ಲ." ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಆ ಹುಡುಗಿ ಎಲ್ಲಿದ್ದಾಳೆ ಈಗ?"

"ಇಲ್ಲೇ ಇದ್ದಾಳೆ."

"ಕೊಡು ಅವಳಿಗೆ."

ಫೋನ್ ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದೆ. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ.

"ಮಗಾ, ಇವನು ನಿನಗೆ ಇಷ್ಟವಾ?" ಕಿಟ್ಟಣ್ಣ ಮಾಮ ಕೇಳಿದರು.

ನಾನು ಸುಜನ್‌ನನ್ನು ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ.

"ಇಷ್ಟ ಮಾಮ," ಅಂದೆ. "ತುಂಬ ಇಷ್ಟ. ಅವನು ಕೆಲಸಕ್ಕೆ ಸೇರಿದಾಗಿಂದ ಇಷ್ಟ."

"ಅವನಿಗೆ ಹೇಳಿದ್ದೀಯಾ?"

"ಇಲ್ಲ ಮಾಮ. ಮೊದಲು ನಿಮಗೇ ಹೇಳ್ತಾ ಇರುವುದು."

ಟಿಟ್ವಾಳಾದಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಅಮ್ಮನ ಹೆಸರು ಹೇಳು, ಮನೆ ಎಲ್ಲಿ ಅಂತ ಹೇಳು," ಅಂದರು. "ನಾಳೆ ಅಲ್ಲಿಗೆ ಹೋಗಿ ನಾನೇ ನಿನ್ನನ್ನು ಕೇಳಿ ಬರ್ತೇನೆ."